ಐದೇ ಐದು ಮತ: ಲಂಡನ್ನಿನ ಒಂದು ಪುಟ್ಟ ಕ್ಷೇತ್ರದ ಕಥೆ

1/9

ಹೈಸ್ಕೂಲಿನ ಸಮಾಜ ವಿಜ್ಞಾನ ನೆನಪಿದೆಯಾ? ‘ಸಂಪತ್ತಿನ ಸೋರಿಕೆ ಸಿದ್ಧಾಂತ ಮಂಡಿಸಿದವರು ಯಾರು?’ ಒಂದು ಅಂಕದ ಪ್ರಶ್ನೆ. ದಾದಾಭಾಯಿ ನವರೋಜಿ ಅಂತ ಬರೆದ್ವಿ, ಅಂಕ ತಗೊಂಡ್ವಿ, ಅಲ್ಲಿಗೆ ಮರೆತ್ವಿ. ಬಿ.ಕಾಂ.ಗೆ ಬಂದ ಮೇಲೆ ರಾಷ್ಟ್ರೀಯ ಆದಾಯದ ಪಾಠದಲ್ಲಿ ಮತ್ತೆ ಅದೇ ಹೆಸರು ಎದುರಾಯ್ತು. ಆದ್ರೆ ಈ ಮನುಷ್ಯ ಬ್ರಿಟನ್ನಿನ ಪಾರ್ಲಿಮೆಂಟಿಗೆ ಚುನಾವಣೆಯಲ್ಲಿ ಗೆದ್ದು ಹೋಗಿದ್ರು, ಅದೂ ಬೆರಳೆಣಿಕೆಯ ಮತಗಳಿಂದ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈ ಸಲದ ಸರಣಿ ನವರೋಜಿಗಿಂತ ಹೆಚ್ಚಾಗಿ ಅವರನ್ನು ಗೆಲ್ಲಿಸಿದ ಜಾಗದ ಬಗ್ಗೆ. ಆ ಕ್ಷೇತ್ರದ ಹೆಸರು ಫಿನ್ಸ್‌ಬರಿ ಸೆಂಟ್ರಲ್. ಲಂಡನ್ ನಗರದ ಒಳಭಾಗದಲ್ಲಿತ್ತು. ಹುಟ್ಟಿದ್ದು 1885ರಲ್ಲಿ, ನಕ್ಷೆಯಿಂದ ಅಳಿಸಿಹೋಗಿದ್ದು 1918ರಲ್ಲಿ. ಬದುಕಿದ್ದು ಬರೀ 33 ವರ್ಷ. ಕ್ಷೇತ್ರ ಅಂದ್ರೆ ನೆಲ, ಗಡಿ, ಬೀದಿ ಅಂತ ನಾವು ಅಂದುಕೊಳ್ತೀವಿ. ಈ ಕಥೆ ಪೂರ್ತಿ ಓದಿದ ಮೇಲೆ ನಿಮಗೂ ಅನ್ನಿಸಬಹುದು: ಕ್ಷೇತ್ರ ಅಂದ್ರೆ ಮೊದಲಿಗೆ ಒಂದು ಹೆಸರುಗಳ ಪಟ್ಟಿ. ಆ ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಅನ್ನೋದೇ ಅರ್ಧ ಚುನಾವಣೆ.

ಒಂಬತ್ತು ಭಾಗ ಇದೆ. ಸೇವ್ ಮಾಡ್ಕೊಂಡು ನಿಧಾನವಾಗಿ ಓದಿ.

2/9

ಮೊದಲು ಕ್ಷೇತ್ರ ಹುಟ್ಟಿದ್ದು ಹೇಗೆ ನೋಡೋಣ.

1832ರ ಸುಧಾರಣೆಯಲ್ಲಿ ಫಿನ್ಸ್‌ಬರಿ ಅನ್ನೋ ಒಂದು ದೊಡ್ಡ ಕ್ಷೇತ್ರ ಆಗಿತ್ತು. ಅಲ್ಲಿಂದ ಇಬ್ಬರು ಸದಸ್ಯರು ಆಯ್ಕೆಯಾಗ್ತಿದ್ರು. 1885ರಲ್ಲಿ ಬ್ರಿಟನ್ ಕ್ಷೇತ್ರಗಳ ಮರುವಿಂಗಡಣೆಗೆ ಕಾನೂನು ತಂದು, ಹೆಚ್ಚಿನ ಕಡೆ ‘ಒಂದು ಕ್ಷೇತ್ರ, ಒಬ್ಬ ಸದಸ್ಯ’ ಅನ್ನೋ ಪದ್ಧತಿ ಮಾಡ್ತು. ಅಣ್ಣತಮ್ಮಂದಿರು ಹಳೇ ಮನೆ ಪಾಲು ಮಾಡ್ಕೊಂಡ ಹಾಗೆ ಹಳೇ ಫಿನ್ಸ್‌ಬರಿ ಹಲವು ಪಾಲಾಯ್ತು, ಅದರಲ್ಲಿ ಮೂರು: ಹೋಬರ್ನ್, ಫಿನ್ಸ್‌ಬರಿ ಈಸ್ಟ್ ಮತ್ತು ನಮ್ಮ ಕಥೆಯ ಫಿನ್ಸ್‌ಬರಿ ಸೆಂಟ್ರಲ್.

ಸೆಂಟ್ರಲ್‌ನ ಮುಖ್ಯ ಭಾಗ ಕ್ಲರ್ಕನ್‌ವೆಲ್. ನಮ್ಮ ನಗರ್ತಪೇಟೆ, ಅವೆನ್ಯೂ ರೋಡಿನ ಸಂದುಗಳನ್ನು ನೆನೆಸಿಕೊಳ್ಳಿ, ಸ್ವಲ್ಪ ಅಂದಾಜು ಸಿಗುತ್ತೆ. ಗಡಿಯಾರ ಮಾಡೋರು, ಒಡವೆ ಕೆಲಸದೋರು, ಮುದ್ರಣದೋರು ತುಂಬಿದ್ದ ಜಾಗ. ಒಂದೇ ಕೈಗಡಿಯಾರಕ್ಕೆ ಡಯಲ್ ಮಾಡೋನು ಒಬ್ಬ, ಮುಳ್ಳು ಮಾಡೋನು ಇನ್ನೊಬ್ಬ, ಕೆತ್ತನೆಯೋನು ಮತ್ತೊಬ್ಬ. ಶ್ರಮ ವಿಭಜನೆ ಅಂತ ನಾವು ಅರ್ಥಶಾಸ್ತ್ರದಲ್ಲಿ ಓದೋದು ಅಲ್ಲಿ ಬೀದಿ ಬೀದಿಯಲ್ಲಿ ನಡೀತಿತ್ತು. ಅಷ್ಟರಲ್ಲಿ ಅಮೆರಿಕ, ಸ್ವಿಟ್ಜರ್ಲೆಂಡಿನಿಂದ ಯಂತ್ರದಲ್ಲಿ ಮಾಡಿದ ಅಗ್ಗದ ಗಡಿಯಾರಗಳು ಬಂದು ಈ ಕಸುಬಿನ ಹೊಟ್ಟೆ ಮೇಲೆ ಹೊಡೆದವು. ಪಕ್ಕದಲ್ಲೇ ಇಟಲಿಯಿಂದ ವಲಸೆ ಬಂದವರ ಕೇರಿ. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಇರೋ ಬಡತನ. ಜಾರ್ಜ್ ಗಿಸಿಂಗ್ 1889ರಲ್ಲಿ ಬರೆದ ‘ದಿ ನೆದರ್ ವರ್ಲ್ಡ್’ ಕಾದಂಬರಿ ನಡೆಯೋದು ಇದೇ ಕ್ಲರ್ಕನ್‌ವೆಲ್‌ನಲ್ಲಿ.

ಬಡತನದ ಜೊತೆಗೆ ರಾಜಕೀಯದ ಬಿಸಿಯೂ ಇತ್ತು. ಕ್ಲರ್ಕನ್‌ವೆಲ್ ಗ್ರೀನ್ ಅನ್ನೋ ಚೌಕ ಕೂಲಿಕಾರರ ಸಭೆಗಳಿಗೆ, ಮೆರವಣಿಗೆಗಳಿಗೆ ಹೆಸರುವಾಸಿ. ಮುಂದೆ 1902ರಲ್ಲಿ ಲೆನಿನ್ ಕೂಡ ತಮ್ಮ ‘ಇಸ್ಕ್ರಾ’ ಪತ್ರಿಕೆ ಕೆಲಸಕ್ಕೆ ಈ ಚೌಕದ ಒಂದು ಕಟ್ಟಡಕ್ಕೆ ಬಂದು ಹೋಗ್ತಿದ್ರು.

3/9

ಈಗ ಪಟ್ಟಿಯ ವಿಷಯ. ದಯವಿಟ್ಟು ಈ ಭಾಗ ಬಿಟ್ಟು ಮುಂದೆ ಹೋಗ್ಬೇಡಿ, ಕಥೆಯ ಕೀಲಿ ಇಲ್ಲೇ ಇದೆ.

1884ರ ಕಾಯ್ದೆ ಆದ ಮೇಲೂ ಬ್ರಿಟನ್ನಿನಲ್ಲಿ ವಯಸ್ಕ ಗಂಡಸರಲ್ಲಿ ಸುಮಾರು ಹತ್ತಕ್ಕೆ ಆರು ಜನಕ್ಕೆ ಮಾತ್ರ ಮತ. ಪಾರ್ಲಿಮೆಂಟ್ ಚುನಾವಣೆಯಲ್ಲಿ ಹೆಂಗಸರಿಗೆ ಮತ ಇರಲೇ ಇಲ್ಲ. ಮನೆ ಹಿಡಿದಿರೋ ಗಂಡಸಿಗೆ ಮತ ಇತ್ತು, ಆದ್ರೆ ಹನ್ನೆರಡು ತಿಂಗಳ ವಾಸ ತೋರಿಸಬೇಕು. ಬಾಡಿಗೆ ಕೋಣೆಯಲ್ಲಿರೋನಿಗೂ ಮತ ಸಿಗ್ತಿತ್ತು, ಕೋಣೆ ವರ್ಷಕ್ಕೆ ಕನಿಷ್ಠ 10 ಪೌಂಡ್ ಬಾಡಿಗೆಯದ್ದಾಗಿದ್ರೆ. ಅದಕ್ಕೂ ಪ್ರತಿ ವರ್ಷ ತಾನೇ ಅರ್ಜಿ ಹಾಕಬೇಕು. ಈ ವರ್ಷ ಮರೆತ್ರೆ ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರಿಲ್ಲ. ಬಡವರಿಗೆ ಕೊಡೋ ಸರ್ಕಾರಿ ನೆರವು ಪಡೆದಿದ್ರೂ ಮತ ಹೋಯ್ತು. ಅಪ್ಪ-ಅಮ್ಮನ ಜೊತೆ ಇರೋ ಮಗ, ಯಜಮಾನನ ಮನೆಯಲ್ಲೇ ಇರೋ ಕೆಲಸದಾಳು, ಇಂಥವರ ಹೆಸರು ಸಾಮಾನ್ಯವಾಗಿ ಪಟ್ಟಿಗೆ ಬರ್ತಾನೇ ಇರಲಿಲ್ಲ. ಅದೇ ಆಸ್ತಿವಂತನಿಗೆ ಬೇರೆ ಬೇರೆ ಕ್ಷೇತ್ರಗಳಲ್ಲಿ ಆಸ್ತಿ ಇದ್ರೆ ಒಂದಕ್ಕಿಂತ ಹೆಚ್ಚು ಕಡೆ ಮತ ಹಾಕೋ ಅವಕಾಶ!

ಇದನ್ನ ಕ್ಲರ್ಕನ್‌ವೆಲ್‌ಗೆ ಹಚ್ಚಿ ನೋಡಿ. ಕೆಲಸ ಹುಡುಕ್ಕೊಂಡು ಪದೇ ಪದೇ ಮನೆ ಬದಲಾಯಿಸೋ ಜನ. ಹನ್ನೆರಡು ತಿಂಗಳ ಲೆಕ್ಕ ಎಲ್ಲಿ ತುಂಬಬೇಕು? ಹಾಗಾಗಿ ಚುನಾವಣೆ ಶುರುವಾಗ್ತಿದ್ದದ್ದು ಮತಗಟ್ಟೆಯಲ್ಲಲ್ಲ, ಪಟ್ಟಿ ಪರಿಷ್ಕರಿಸೋ ಕೋರ್ಟಿನಲ್ಲಿ. ಪ್ರತಿ ವರ್ಷ ಅಲ್ಲಿ ವಕೀಲರೊಬ್ಬರು ಕೂತು ಒಂದೊಂದೇ ಹೆಸರು ವಿಚಾರಣೆ ಮಾಡೋರು. ಎರಡೂ ಪಕ್ಷದ ಏಜೆಂಟರು ಹಾಜರ್. ‘ಇವನು ನಮ್ಮೋನು, ಸೇರಿಸಿ.’ ‘ಅವನು ಮನೆ ಬಿಟ್ಟು ಹೋಗಿದ್ದಾನೆ, ತೆಗೀರಿ.’ ಇಂಥ ಕ್ಷೇತ್ರದಲ್ಲಿ ನೂರು ಹೆಸರು ಸೇರಿಸೋದು ದೊಡ್ಡ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡ್ತಿತ್ತು.

4/9

ಇಂಥ ಜಾಗಕ್ಕೆ ಬಾಂಬೆಯ ಒಬ್ಬ ಪಾರ್ಸಿ ಬಂದದ್ದು ಹೇಗೆ?

ನವರೋಜಿ ಹುಟ್ಟಿದ್ದು 1825ರಲ್ಲಿ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕ. 1855ರಲ್ಲಿ ಕಾಮಾ ಅಂಡ್ ಕಂಪನಿಯ ಪಾಲುದಾರರಾಗಿ ಲಂಡನ್ನಿಗೆ ಹೋದ್ರು. ಆಮೇಲೆ ಸ್ವಂತ ಹತ್ತಿ ವ್ಯಾಪಾರ ಮಾಡಿದ್ರು. ಅಂದ್ರೆ ನಮ್ಮ ಕಾಮರ್ಸ್ ಜಾತಿಯೋರೇ! 1867-68ರ ಅಂಕಿಗಳನ್ನು ಇಟ್ಟುಕೊಂಡು ಭಾರತೀಯನ ತಲಾ ಆದಾಯ ವರ್ಷಕ್ಕೆ 20 ರೂಪಾಯಿ ಅಂತ ಲೆಕ್ಕ ಹಾಕಿದ್ರು. ಜೈಲಿನ ಕೈದಿಗಳ ಊಟ, ಬಟ್ಟೆಗೆ ಸರ್ಕಾರ ಮಾಡೋ ಖರ್ಚಿನ ಪಕ್ಕದಲ್ಲಿ ಈ ಅಂಕಿ ಇಟ್ಟು, ಹೊರಗಿರೋ ಪ್ರಜೆಯ ಆದಾಯ ಅದಕ್ಕೂ ಸಾಲಲ್ಲ ಅಂತ ತೋರಿಸಿದ್ರು. ಲೆಕ್ಕ ಸರಿಯಿತ್ತು, ಕೇಳೋ ಕಿವಿ ಇರಲಿಲ್ಲ. ಭಾರತದ ಬಗ್ಗೆ ಕೊನೆಯ ತೀರ್ಮಾನ ಆಗ್ತಿದ್ದದ್ದು ಲಂಡನ್ ಪಾರ್ಲಿಮೆಂಟಿನಲ್ಲಿ. ಹಾಗಾದ್ರೆ ಅಲ್ಲಿಗೇ ಹೋಗಬೇಕು ಅನ್ನೋದು ಅವರ ತೀರ್ಮಾನ.

1886ರಲ್ಲಿ ಲಿಬರಲ್ ಪಕ್ಷದಿಂದ ಹೋಬರ್ನ್‌ನಲ್ಲಿ ನಿಂತ್ರು. ಎರಡನೇ ಭಾಗದಲ್ಲಿ ಹೇಳಿದ ಮೂರು ಪಾಲಿನಲ್ಲಿ ಒಂದು ಅದು. 3,651ಕ್ಕೆ ಎದುರಾಗಿ 1,950 ಮತ ಬಿತ್ತು, ಸೋತ್ರು. 1888ರಲ್ಲಿ ಪಕ್ಕದ ಫಿನ್ಸ್‌ಬರಿ ಸೆಂಟ್ರಲ್‌ಗೆ ಅಭ್ಯರ್ಥಿಯಾಗಿ ಬಂದ್ರು.

ಅದೇ ವರ್ಷ ನವೆಂಬರ್ ಕೊನೆಗೆ ಪ್ರಧಾನಿ ಲಾರ್ಡ್ ಸಾಲಿಸ್ಬರಿ ಎಡಿನ್‌ಬರೋದಲ್ಲಿ ಭಾಷಣ ಮಾಡ್ತಾ ಹೋಬರ್ನ್ ಸೋಲಿನ ಮಾತೆತ್ತಿದ್ರು. ನಾವು ಎಷ್ಟೇ ಮುಂದುವರಿದಿದ್ರೂ ಬ್ರಿಟಿಷ್ ಕ್ಷೇತ್ರವೊಂದು ‘ಕಪ್ಪು ಮನುಷ್ಯ’ನನ್ನು ಆರಿಸುವಷ್ಟು ದೂರ ಇನ್ನೂ ಬಂದಿಲ್ಲ ಅನ್ನೋ ಅರ್ಥದ ಮಾತು ಆಡಿದ್ರು. ಪರಿಣಾಮ ಉಲ್ಟಾ ಆಯ್ತು. ಪತ್ರಿಕೆಗಳು ಮುಗಿಬಿದ್ದವು, ಗ್ಲಾಡ್‌ಸ್ಟನ್ ಸೇರಿದಂತೆ ಲಿಬರಲ್ ನಾಯಕರು ಖಂಡಿಸಿದ್ರು. ಅಲ್ಲಿವರೆಗೂ ಹೆಸರೇ ಗೊತ್ತಿರದಿದ್ದ ನವರೋಜಿ ಒಂದೇ ವಾರದಲ್ಲಿ ಬ್ರಿಟನ್ನಿಗೆಲ್ಲ ಗೊತ್ತಾದ್ರು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಪ್ರಧಾನಿಯೇ ಅವರನ್ನ ವೈರಲ್ ಮಾಡಿದ್ರು.

5/9

ಹೆಸರು ಬಂತು ಅಂದ್ರೆ ಗೆಲುವು ಬಂತು ಅಂತಲ್ಲ. ಮೊದಲ ಜಗಳ ಸ್ವಂತ ಪಕ್ಷದಲ್ಲೇ. ರಿಚರ್ಡ್ ಈವ್ ಅನ್ನೋರು ‘ನಿಜವಾದ ಅಭ್ಯರ್ಥಿ ನಾನು’ ಅಂತ ಕೂತ್ರು. ಸ್ಥಳೀಯ ಲಿಬರಲ್ಲರು ಎರಡು ಹೋಳು. ಈ ಜಗಳ ವರ್ಷಗಟ್ಟಲೆ ಎಳೀತು. ಟಿಕೆಟ್ ಗಲಾಟೆ ನಮ್ಮೂರಿನ ಆವಿಷ್ಕಾರ ಅಂತ ನೀವು ಅಂದುಕೊಂಡಿದ್ರೆ ಬಿಟ್ಟುಬಿಡಿ!

ಎದುರಾಳಿ ಕನ್ಸರ್ವೇಟಿವ್ ಪಕ್ಷದ ಫ್ರೆಡರಿಕ್ ಥಾಮಸ್ ಪೆಂಟನ್. 1886ರಿಂದ ಆ ಕ್ಷೇತ್ರದ ಹಾಲಿ ಸದಸ್ಯ. ಅಲ್ಲೇ ಇರೋ ಪೆಂಟನ್‌ವಿಲ್ ಬಡಾವಣೆಗೆ ಹೆಸರು ಬಂದದ್ದು ಅವರ ಮನೆತನದಿಂದ. ಒಂದು ಕಡೆ ಬೀದಿಗೆ ತನ್ನ ಹೆಸರೇ ಇರೋ ಜಮೀನ್ದಾರ, ಇನ್ನೊಂದು ಕಡೆ ಜನರ ಬಾಯಿಗೆ ಸರಿಯಾಗಿ ಹೆಸರೇ ಹೊರಳದ 66ರ ಪಾರ್ಸಿ ಮುದುಕ. ನವರೋಜಿಗೆ ಬೆಂಬಲ ಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಇದ್ರು. ಮತ ಇಲ್ಲದ ಹೆಂಗಸರ ಹಕ್ಕಿಗಾಗಿ ಹೋರಾಡ್ತಿದ್ದವರೂ ಅವರ ಜೊತೆಗಿದ್ರು. ಐರ್ಲೆಂಡಿಗೆ ಸ್ವಯಮಾಡಳಿತ ಬೇಕು ಅನ್ನೋ ಬೇಡಿಕೆಗೆ ನವರೋಜಿ ಗಟ್ಟಿಯಾಗಿ ನಿಂತಿದ್ರು.

1892ರ ಜುಲೈ. ಎಣಿಕೆ ಮುಗೀತು. ನವರೋಜಿ 2,959. ಪೆಂಟನ್ 2,956.

ಮೂರು ಮತ. ಮರು ಎಣಿಕೆ ಆದಾಗ ಅಂತರ ಐದಕ್ಕೆ ಬಂತು.

ಇಬ್ಬರಿಗೂ ಸೇರಿ ಬಿದ್ದ ಮತ ಆರು ಸಾವಿರ ಕೂಡ ಮುಟ್ಟಿಲ್ಲ ಗಮನಿಸಿ. ಅಷ್ಟರಲ್ಲಿ ಐದು. ‘ನವರೋಜಿ’ ಅನ್ನೋ ಹೆಸರನ್ನೇ ತಿರುಚಿ ‘ನ್ಯಾರೋ ಮೆಜಾರಿಟಿ’, ಅಂದ್ರೆ ಕೂದಲೆಳೆ ಬಹುಮತದೋರು ಅಂತ ಜನ ತಮಾಷೆ ಮಾಡಿದ್ರು. ಸೋತ ಪೆಂಟನ್ ಕೋರ್ಟ್ ಮೆಟ್ಟಿಲು ಹತ್ತಿದ್ರು, ಆದ್ರೆ ನವರೋಜಿ ಸ್ಥಾನ ಉಳೀತು.

ಈಗ ಮೂರನೇ ಭಾಗ ನೆನಪು ಮಾಡ್ಕೊಳ್ಳಿ. ಪಟ್ಟಿಯ ಕೋರ್ಟಿನಲ್ಲಿ ಆರು ಹೆಸರು ಆ ಕಡೆ ಈ ಕಡೆ ಆಗಿದ್ದಿದ್ರೆ? ಬಾಡಿಗೆ ಕೋಣೆಯ ಆರು ಜನ ಗಡಿಯಾರದ ಕೆಲಸದೋರು ಆ ವರ್ಷ ಅರ್ಜಿ ಹಾಕೋದು ಮರೆತಿದ್ದಿದ್ರೆ?

6/9

ಒಂದು ನಿಮಿಷ ನಿಲ್ಲಿ. ‘ಬ್ರಿಟಿಷ್ ಪಾರ್ಲಿಮೆಂಟಿಗೆ ಹೋದ ಮೊದಲ ಭಾರತೀಯ’ ಅಂತ ಕ್ವಿಜ್ ಪೇಜುಗಳೆಲ್ಲ ಹಾಕ್ತವೆ. ಒಂದು ಸಣ್ಣ ತಕರಾರು ಇದೆ.

1841ರಲ್ಲೇ ಡೇವಿಡ್ ಆಕ್ಟರ್‌ಲೋನಿ ಡೈಸ್ ಸೋಂಬ್ರೆ ಅನ್ನೋರು ಸಡ್‌ಬರಿ ಕ್ಷೇತ್ರದಿಂದ ಗೆದ್ದಿದ್ರು. ಉತ್ತರ ಭಾರತದ ಸರ್ಧಾನದ ಬೇಗಂ ಸಮ್ರು ಸಾಕಿ ಬೆಳೆಸಿದ ವಾರಸುದಾರ, ಭಾರತೀಯ ಮತ್ತು ಯುರೋಪಿಯನ್ ಎರಡೂ ಮೂಲದವರು. ಆದ್ರೆ ಆ ಚುನಾವಣೆಯಲ್ಲಿ ಲಂಚ ನಡೆದಿದೆ ಅಂತ ಮರುವರ್ಷವೇ ಅವರ ಆಯ್ಕೆ ರದ್ದಾಯ್ತು. ಹಾಗಾಗಿ ‘ಮೊದಲ’ ಅನ್ನೋ ಪದ ಬಳಸೋವಾಗ ಸ್ವಲ್ಪ ಹುಷಾರು. ತಾನು ಭಾರತದ ಪರವಾಗಿ ಬಂದಿದ್ದೀನಿ ಅಂತ ಎದೆ ತಟ್ಟಿ ಹೇಳ್ಕೊಂಡು ಗೆದ್ದವರಲ್ಲಿ ನವರೋಜಿ ಮೊದಲಿಗರು ಅಂದ್ರೆ ಯಾರೂ ತಕರಾರು ಎತ್ತಲ್ಲ.

ಪ್ರಮಾಣವಚನವನ್ನು ಅವರು ಬೈಬಲ್ ಮೇಲೆ ಮಾಡಲಿಲ್ಲ. ಪಾರ್ಸಿಗಳ ‘ಖೋರ್ದೆ ಅವೆಸ್ತಾ’ ಕೈಯಲ್ಲಿ ಹಿಡಿದ್ರು.

7/9

ಗೆದ್ದು ಏನು ಮಾಡಿದ್ರು?

ನಮ್ಮ ಬ್ರಾಂಚ್ ಅಕೌಂಟ್ಸ್ ಭಾಷೆಯಲ್ಲಿ ಹೇಳ್ತೀನಿ, ಥಟ್ಟಂತ ಹೊಳೆಯುತ್ತೆ. ಹೆಡ್ ಆಫೀಸ್ ಲಂಡನ್ನಿನಲ್ಲಿ, ಬ್ರಾಂಚ್ ಭಾರತದಲ್ಲಿ. ಹೆಡ್ ಆಫೀಸಿನ ಸಂಬಳ, ನಿವೃತ್ತ ಅಧಿಕಾರಿಗಳ ಪಿಂಚಣಿ, ರೈಲ್ವೆಗೆ ತಂದ ಬಂಡವಾಳದ ಬಡ್ಡಿ, ಇವೆಲ್ಲವೂ ಬ್ರಾಂಚ್ ಲೆಕ್ಕಕ್ಕೆ ಡೆಬಿಟ್. ಲಂಡನ್ನಿನಲ್ಲಿ ಕೂತ ಭಾರತ ಮಂತ್ರಿಯ ಸಂಬಳ ಕೂಡ ಭಾರತದ ತೆರಿಗೆ ಹಣದಿಂದಲೇ. ಬ್ರಾಂಚಿನಿಂದ ವರ್ಷಾ ವರ್ಷ ಮಾಲು ಹೊರಗೆ ಹೋಗುತ್ತೆ, ಅದಕ್ಕೆ ಸರಿಯಾದ ಪ್ರತಿಫಲ ವಾಪಸ್ ಬರಲ್ಲ. ಆಡಿಟ್ ಮಾಡೋರೂ ಹೆಡ್ ಆಫೀಸಿನೋರೇ. ಇದೇ ಸೋರಿಕೆ ಸಿದ್ಧಾಂತ. ಬ್ರಾಂಚಿನ ಕಡೆಯವನೊಬ್ಬ ಹೆಡ್ ಆಫೀಸಿನ ಮೀಟಿಂಗಿನಲ್ಲಿ ಕೂತು ಲೆಕ್ಕ ಕೇಳೋಕೆ ಶುರು ಮಾಡಿದ್ದು 1892ರಲ್ಲಿ.

ಭಾರತದ ಬಜೆಟ್ ಚರ್ಚೆ ಬರ್ತಿದ್ದದ್ದು ಅಧಿವೇಶನದ ಕೊನೆಯಲ್ಲಿ, ಬೆಂಚುಗಳೆಲ್ಲ ಖಾಲಿಯಾದ ಮೇಲೆ. ಆ ಖಾಲಿ ಸಭೆಯಲ್ಲೇ ನವರೋಜಿ ಮಾತಾಡಿದ್ರು. 1893ರ ಜೂನ್ 2ರಂದು ಒಂದು ನಿರ್ಣಯ ಬಂತು. ಐಸಿಎಸ್ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ಯಾಕೆ, ಭಾರತದಲ್ಲೂ ಏಕಕಾಲಕ್ಕೆ ನಡೀಲಿ ಅಂತ. ಹರ್ಬರ್ಟ್ ಪಾಲ್ ಮಂಡಿಸಿದ್ರು, ನವರೋಜಿ ಅನುಮೋದಿಸಿದ್ರು. 84–76, ನಿರ್ಣಯ ಪಾಸ್! ಇಲ್ಲಿಂದ ಹಡಗು ಹತ್ತಿ, ಸಾಲ ಸೋಲ ಮಾಡಿ ಲಂಡನ್ನಿಗೆ ಹೋಗಿ ಪರೀಕ್ಷೆ ಬರೆಯಬೇಕಿದ್ದ ಹುಡುಗರಿಗೆ ಅದೆಷ್ಟು ದೊಡ್ಡ ಸುದ್ದಿ ಯೋಚಿಸಿ. ಆದ್ರೆ ಸರ್ಕಾರ ಜಾರಿ ಮಾಡಲೇ ಇಲ್ಲ. ಭಾರತದಲ್ಲಿ ಆ ಪರೀಕ್ಷೆ ನಡೆಯೋಕೆ 1922 ಬರಬೇಕಾಯ್ತು. ಆಗ ನವರೋಜಿ ಬದುಕಿರಲಿಲ್ಲ.

ಗೆಲುವಿನ ಇನ್ನೊಂದು ಫಲ: ಭಾರತದ ಖರ್ಚುವೆಚ್ಚ ವಿಚಾರಣೆಗೆ 1895ರಲ್ಲಿ ನೇಮಿಸಿದ ರಾಯಲ್ ಕಮಿಷನ್, ಅಂದ್ರೆ ವೆಲ್ಬಿ ಆಯೋಗ. ಅದರಲ್ಲಿ ನವರೋಜಿ ಸದಸ್ಯರಾದ್ರು. ಕೊನೆಗೂ ಲೆಕ್ಕಪುಸ್ತಕ ಮುಟ್ಟೋ ಅವಕಾಶ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ನಿಮಗೆ. ಅವರಿಗೆ ಮತ ಹಾಕಿದ್ದು ಮೂರು ಸಾವಿರದಷ್ಟು ಲಂಡನ್ನಿಗರು. ಅವರು ಹೆಚ್ಚಾಗಿ ಮಾತಾಡಿದ್ದು ಮತವೇ ಇಲ್ಲದ ಕೋಟಿಗಟ್ಟಲೆ ಭಾರತೀಯರ ಪರವಾಗಿ. ಹಾಗಾದ್ರೆ ಅವರು ಯಾರ ಪ್ರತಿನಿಧಿ? ಕ್ಲರ್ಕನ್‌ವೆಲ್‌ನ ಮತದಾರನಿಗೆ ‘ನಮ್ಮ ಬೀದಿ ಕಥೆ ಏನು ಸ್ವಾಮಿ?’ ಅಂತ ಕೇಳೋ ಹಕ್ಕಿತ್ತು. ಭಾರತದ ರೈತನಿಗೆ ಕೇಳೋ ಜಾಗವೇ ಇರಲಿಲ್ಲ. ನನ್ನ ಪ್ರಕಾರ ಕ್ಲರ್ಕನ್‌ವೆಲ್ ತನಗಿದ್ದ ಒಂದೇ ಒಂದು ಕುರ್ಚಿಯನ್ನು ಮೂರು ವರ್ಷ ಭಾರತದ ಜೊತೆ ಹಂಚಿಕೊಳ್ತು. ನಿಮಗೆ ಬೇರೆ ಥರ ಅನ್ನಿಸಿದ್ರೆ ಹೇಳಿ, ಚರ್ಚೆ ಮಾಡೋಣ.

8/9

1895ರ ಚುನಾವಣೆಯಲ್ಲಿ ಲಿಬರಲ್ ಪಕ್ಷ ದೇಶಪೂರ್ತಿ ನೆಲಕಚ್ಚಿತು. ಫಿನ್ಸ್‌ಬರಿ ಸೆಂಟ್ರಲ್‌ನಲ್ಲಿ ನವರೋಜಿ ಸುಮಾರು 800 ಮತಗಳಿಂದ ಕನ್ಸರ್ವೇಟಿವ್ ಪಕ್ಷದ ಮ್ಯಾಸೀ-ಮೇನ್‌ವೇರಿಂಗ್ ಎದುರು ಸೋತ್ರು. ಅದೇ ಚುನಾವಣೆಯಲ್ಲಿ ಲಂಡನ್ನಿನ ಇನ್ನೊಂದು ಬಡ ಕ್ಷೇತ್ರವಾದ ಬೆತ್ನಲ್ ಗ್ರೀನ್ ನಾರ್ತ್ ಈಸ್ಟ್‌ನಲ್ಲಿ ಮತ್ತೊಬ್ಬ ಪಾರ್ಸಿ, ಮಂಚೇರ್ಜಿ ಭೌನಗ್ರಿ, ಕನ್ಸರ್ವೇಟಿವ್ ಟಿಕೆಟ್ಟಿನಲ್ಲೇ ಗೆದ್ರು! ಸಾಲಿಸ್ಬರಿಯವರ ಪಕ್ಷದಿಂದಲೇ!

ಆಮೇಲೆ ಫಿನ್ಸ್‌ಬರಿ ಸೆಂಟ್ರಲ್‌ಗೆ 1906ರಲ್ಲಿ ಕಾರ್ಮಿಕ ನಾಯಕ ಡಬ್ಲ್ಯೂ.ಸಿ. ಸ್ಟೆಡ್‌ಮನ್ ಬಂದ್ರು. 1910ರಲ್ಲಿ ಕನ್ಸರ್ವೇಟಿವ್ ಪಕ್ಷದ ಮಾರ್ಟಿನ್ ಆರ್ಚರ್-ಶೀ ಬಂದ್ರು. ಲೆಕ್ಕ ಹಾಕಿ: 33 ವರ್ಷದಲ್ಲಿ ಆರು ಜನ ಸದಸ್ಯರು. ಯಾರಿಗೂ ಆ ಕ್ಷೇತ್ರ ಖಾಯಂ ಆಸ್ತಿ ಆಗಲಿಲ್ಲ.

ಅಷ್ಟರಲ್ಲಿ ಕ್ಲರ್ಕನ್‌ವೆಲ್ ಬದಲಾಗ್ತಿತ್ತು. ಮನೆಗಳಿದ್ದ ಕಡೆ ಗೋದಾಮು, ವರ್ಕ್‌ಶಾಪುಗಳು ಎದ್ದವು. ಜನ ಹೊರವಲಯಕ್ಕೆ ಹೋದ್ರು. ಪೇಟೆಯಲ್ಲಿ ಹಗಲು ಜಾತ್ರೆ, ರಾತ್ರಿ ಬಿಕೋ. ಇದೂ ನಮಗೆ ಗೊತ್ತಿರೋ ಕಥೆಯೇ. ಜನ ಕಮ್ಮಿಯಾದ ಕಡೆ ಮೂರು ಸ್ಥಾನ ಯಾಕೆ? 1918ರಲ್ಲಿ ಹೊಸ ನಕ್ಷೆ ಬಂತು. ಸೆಂಟ್ರಲ್, ಈಸ್ಟ್ ಹೋಗಿ ಫಿನ್ಸ್‌ಬರಿ ಅನ್ನೋ ಒಂದೇ ಕ್ಷೇತ್ರ ಉಳೀತು. 1950ರಲ್ಲಿ ಅದೂ ಪಕ್ಕದ ಶೋರ್‌ಡಿಚ್ ಜೊತೆ ಸೇರಿಹೋಯ್ತು.

ಆದ್ರೆ ಫಿನ್ಸ್‌ಬರಿ ಸೆಂಟ್ರಲ್ ಅಳಿಸಿಹೋದ ಅದೇ 1918ರಲ್ಲಿ 21 ದಾಟಿದ ಗಂಡಸರಿಗೆಲ್ಲ, ಮತ್ತೆ ಕೆಲವು ಷರತ್ತಿನ ಮೇಲೆ 30 ದಾಟಿದ ಹೆಂಗಸರಿಗೆ ಮತದ ಹಕ್ಕು ಸಿಕ್ತು. ಕ್ಷೇತ್ರ ಸತ್ತಿತು, ಪಟ್ಟಿ ಬೆಳೀತು. ನವರೋಜಿ ಇದನ್ನು ನೋಡಲಿಲ್ಲ. 1917ರ ಜೂನ್ 30ರಂದು, 91ನೇ ವಯಸ್ಸಿನಲ್ಲಿ ಬಾಂಬೆಯಲ್ಲಿ ತೀರಿಕೊಂಡಿದ್ರು.

ಇನ್ನೊಂದು ಖುಷಿಯ ವಿಷಯ: 1938ರಲ್ಲಿ ಇದೇ ಫಿನ್ಸ್‌ಬರಿಗೆ ಪಂಜಾಬಿನಿಂದ ಹೋಗಿದ್ದ ಡಾಕ್ಟರ್ ಚುನೀಲಾಲ್ ಕಾತಿಯಾಲ್ ಮೇಯರ್ ಆದ್ರು. ಇವತ್ತು ಅಲ್ಲಿ ನವರೋಜಿ ಸ್ಟ್ರೀಟ್ ಅನ್ನೋ ಬೀದಿ ಇದೆ. ಪೆಂಟನ್ ಸ್ಟ್ರೀಟೂ ಇದೆ.

9/9

ಕೊನೆಗೆ ನಮ್ಮೂರಿಗೆ ಬರೋಣ.

ಬೆಂಗಳೂರಿನ ಬಿನ್ನಿಪೇಟೆ, ಜಯಮಹಲ್, ಭಾರತಿನಗರ ವಿಧಾನಸಭಾ ಕ್ಷೇತ್ರಗಳು ಗೊತ್ತಾ? ಮನೆಯಲ್ಲಿ ಅಪ್ಪನನ್ನೋ ಅಜ್ಜಿಯನ್ನೋ ಕೇಳಿ, ಅವರಿಗೆ ಗೊತ್ತಿರುತ್ತೆ. ಕ್ಷೇತ್ರ ಮರುವಿಂಗಡಣೆ ಆದ ಮೇಲೆ 2008ರಿಂದ ಇವು ಯಾವುವೂ ಇಲ್ಲ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರವೂ ಹಾಗೇ ಅಳಿಸಿಹೋಯ್ತು. ಆದ್ರೆ ಹೋಗೋ ಮುಂಚೆ 2004ರಲ್ಲಿ ಒಂದು ದಾಖಲೆ ಬರೆದು ಹೋಯ್ತು. ಆರ್. ಧ್ರುವನಾರಾಯಣ 40,752. ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ಮತ. ತೀರಾ ಈಚೆಗೆ, 2023ರಲ್ಲಿ, ಜಯನಗರದ ಫಲಿತಾಂಶ ನಿಂತದ್ದು 16 ಮತದ ಮೇಲೆ. ನಮ್ಮ ಕ್ಲಾಸಿನ ಕೊನೆಯ ಎರಡು ಬೆಂಚಿನ ಜನ ಸಾಕು ಅದಕ್ಕೆ.

ಈಗ ನಮ್ಮನ್ನೇ ನೋಡ್ಕೊಳ್ಳೋಣ. ನಮ್ಮಲ್ಲಿ ಅರ್ಧ ಜನ ಹಾಸ್ಟೆಲ್ಲು, ಪಿಜಿ. ಮತ ಊರಲ್ಲಿ, ನಾವು ಇಲ್ಲಿ. ಚುನಾವಣೆ ದಿನ ಬಸ್ ಸೀಟಿಲ್ಲ, ಮಾರನೇ ದಿನ ಇಂಟರ್ನಲ್ಸ್. ಇನ್ನು ಕೆಲವರು ಹೆಸರೇ ಸೇರಿಸಿಲ್ಲ. ಕ್ಲರ್ಕನ್‌ವೆಲ್‌ನ ಬಾಡಿಗೆ ಕೋಣೆಯ ಹುಡುಗನಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅವನನ್ನು ಪಟ್ಟಿಯಿಂದ ಹೊರಗಿಟ್ಟಿದ್ದು ಕಾನೂನು. ನಮ್ಮನ್ನು ಹೊರಗಿಡ್ತಿರೋದು ನಮ್ಮ ‘ಆಮೇಲೆ ನೋಡೋಣ’.

18 ತುಂಬಿದ್ದು ಹೆಸರು ಸೇರಿಸಿಲ್ಲ ಅಂದ್ರೆ ಫಾರ್ಮ್ 6. ವಿಳಾಸ ಬದಲಾಗಿದ್ರೆ ಫಾರ್ಮ್ 8. ಓದೋಕೆ ಬಂದು ಹಾಸ್ಟೆಲ್, ಪಿಜಿಯಲ್ಲಿರೋರು ಇಲ್ಲಿನ ವಿಳಾಸಕ್ಕೇ ಹೆಸರು ಹಾಕಿಸ್ಕೊಳ್ಳಬಹುದು, ಇಲ್ಲಾ ಊರಲ್ಲೇ ಉಳಿಸ್ಕೊಳ್ಳಬಹುದು. ಎರಡು ಕಡೆ ಮಾತ್ರ ಇರಬಾರದು. ಐದು ನಿಮಿಷದ ಕೆಲಸ. ಯಾವ ಪಕ್ಷಕ್ಕೆ ಹಾಕ್ತೀರ ಅನ್ನೋದು ನಿಮಗೆ ಬಿಟ್ಟಿದ್ದು, ಅದನ್ನ ನಾನು ಕೇಳಲ್ಲ.

ನೀವು ಇವತ್ತು ಮತ ಹಾಕೋ ಕ್ಷೇತ್ರವೂ ಮುಂದೊಂದು ದಿನ ಬಿನ್ನಿಪೇಟೆ ಥರ ಬರೀ ನೆನಪಾಗಬಹುದು. ಅದು ಇರುವಷ್ಟು ದಿನ ಅದರ ಪಟ್ಟಿಯಲ್ಲಿ ನಿಮ್ಮ ಹೆಸರು ಇರಲಿ. ಈಗಲೇ ಒಂದ್ಸಲ ಚೆಕ್ ಮಾಡಿ, ‘ಇದೆ’ ಅಥವಾ ‘ಇಲ್ಲ’ ಅಂತ ಕಾಮೆಂಟ್ ಹಾಕಿ. ‘ಇಲ್ಲ’ ಅಂದೋರಿಗೆ ಫಾರ್ಮ್ ತುಂಬೋಕೆ ನಾನು ಕೂತ್ಕೊಳ್ತೀನಿ, ಕ್ಯಾಂಟೀನಿಗೆ ಬನ್ನಿ. ಟೀ ನಿಮ್ಮದು.

#ಇತಿಹಾಸ #ದಾದಾಭಾಯಿನವರೋಜಿ #ಫಿನ್ಸ್‌ಬರಿಸೆಂಟ್ರಲ್ #ನಮ್ಮಮತ #ಕನ್ನಡದಲ್ಲಿಓದಿ